ಪ್ರೆಸೆನ್ಸ್ ಆಕ್ಟಿವೇಶನ್ ಮತ್ತು ಎರಡು ಕಣ್ಣು

ಕೋಲಾರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ತೆರೆದವರಲ್ಲಿ ನಾನೇ ಮೊದಲಿಗನೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ಎರಡು ಸಾವಿರದ ಎರಡನೇ ಇಸವಿ. ಬೆಂಗಳೂರಿನಲ್ಲಿ ಮೂರು ತಿಂಗಳು ಕಲಿತು ಬಂದಿದ್ದೆ. ಐದು ಪುಟ ಮಾಡಿಕೊಡುತ್ತೇನೆ ಅಂದರೆ ಜನ, ನೋಟ್‌ಬುಕ್ಕಾದರೆ ಇನ್ನೂರು ಪುಟದ್ದೇ ಸಿಗುತ್ತಲ್ಲ ಅನ್ನುತ್ತಿದ್ದರು. ಆಗ ನನಗೆ ಜ್ಞಾನೋದಯವಾಯಿತು. ಮರ್ಯಾದೆ ಇರುವುದು ಕೆಲಸಕ್ಕಲ್ಲ, ಹೆಸರಿಗೆ! ಅಂದಿನಿಂದ ಹೆಸರು ಹುಟ್ಟಿಸತೊಡಗಿದೆ. ಬಣ್ಣ ಬದಲಾಯಿಸುವುದು 'ಕ್ರೊಮ್ಯಾಟಿಕ್ ಅಲೈನ್‌ಮೆಂಟ್'. ಫೋನ್ ನಂಬರ್ ಹಾಕುವುದು 'ಕಾಂಟ್ಯಾಕ್ಟ್ ಆರ್ಕಿಟೆಕ್ಚರ್'. ಸಿದ್ಧವಾದ ಪುಟವನ್ನು ಇಂಟರ್ನೆಟ್ಟಿಗೆ ಏರಿಸುವುದು 'ಪ್ರೆಸೆನ್ಸ್ ಆಕ್ಟಿವೇಶನ್'. ಪ್ರಪಂಚದ ಯಾವ ಪುಸ್ತಕದಲ್ಲೂ ಇವು ಇರಲಿಲ್ಲ. ನನ್ನ ಕೊಟೇಶನ್ನಿನಲ್ಲಿ ಮಾತ್ರ ಇದ್ದವು, ದಪ್ಪ ಅಕ್ಷರದಲ್ಲಿ.

ಶಿವಾರಪಟ್ಟಣದ ಶಿಲ್ಪಿ ವೀರಾಚಾರ್ರು ಆ ಕೊಟೇಶನ್ನನ್ನು ಬೆರಳಿಟ್ಟು ಓದುತ್ತಾ 'ಪ್ರೆಸೆನ್ಸ್ ಆಕ್ಟಿವೇಶನ್' ಎಂಬ ಕೊನೆಯ ಸಾಲಿಗೆ ಬಂದು ನಿಂತರು. ಅದರ ಅರ್ಥವೇನೆಂದು ಕೇಳಿದರು.

"ಸೈಟಿಗೆ ಜೀವ ಬರುತ್ತೆ ಆಚಾರ್ರೇ," ಅಂದೆ.

ಅವರು ಬಿಸಿ ತಾಗಿದವರಂತೆ ಬೆರಳು ತೆಗೆದರು. ಶ್ರೀನಿವಾಸಪುರದ ಕಡೆಯ ಒಂದು ಊರಿಗಾಗಿ ಅವರು ಎಂಟು ತಿಂಗಳಿಂದ ಅಮ್ಮನವರ ವಿಗ್ರಹ ಕೆತ್ತುತ್ತಿದ್ದರು. ಸೈಟಿನ ಮೊದಲ ಪುಟದಲ್ಲಿ ಅದೇ ಇರಬೇಕಿತ್ತು. ಎಲ್ಲ ಮುಗಿದು ಕಣ್ಣೊಂದು ಬಾಕಿ. ಅದನ್ನು ಪ್ರತಿಷ್ಠೆಯ ದಿನ ಗುಡಿಯಲ್ಲಿ ಚಿನ್ನದ ಉಳಿಯಿಂದ ತೆರೆಯುವುದು ಪದ್ಧತಿ. ಅಮ್ಮನ ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು, ಮನುಷ್ಯರ ಮೇಲಲ್ಲ. ಅದಕ್ಕೂ ಮೊದಲೇ ಕಣ್ಣು ತೆರೆದ ವಿಗ್ರಹವನ್ನು ಆ ಊರಿನವರು ಮುಟ್ಟುವುದಿಲ್ಲ. ಎಂಟು ತಿಂಗಳ ಕೆಲಸ ಶೆಡ್ಡಿನಲ್ಲೇ ಉಳಿದುಹೋಗುತ್ತದೆ.

"ಜೀವ ಅಂದ್ರಲ್ಲ ಸ್ವಾಮಿ, ಅದನ್ನ ನಾನಿಲ್ದೆ ಮಾಡ್ಬೇಡಿ. ಶುಕ್ರವಾರ ಗುಡಿ ಕಮಿಟಿ ಅಧ್ಯಕ್ಷರನ್ನ ಕರ್ಕೊಂಡು ಬರ್ತೀನಿ. ಕನ್ನಡೀನೂ ತರ್ತೀನಿ," ಅಂದರು. ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಅವರು ಹೋದಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗುರುವಾರ ಮಧ್ಯಾಹ್ನ ಪುಟ ಸಿದ್ಧವಾಯಿತು. ಆದರೆ ಆಚಾರ್ರು ಕೊಟ್ಟಿದ್ದ ಫೋಟೋದಲ್ಲಿ ವಿಗ್ರಹದ ಮುಖ ನನಗೆ ಸರಿಕಾಣಲಿಲ್ಲ. ಕಣ್ಣಿನ ಜಾಗದಲ್ಲಿ ಬರೀ ನುಣುಪು ಕಲ್ಲು. ಇದರಲ್ಲಿ ಪ್ರೆಸೆನ್ಸ್ ಎಲ್ಲಿದೆ? ಕಂಪ್ಯೂಟರಿನಲ್ಲಿ ನಮ್ಮ ಮದುವೆಯ ಫೋಟೋ ಇತ್ತು. ಆಲ್ಬಮ್ಮಿಗೆ ಗೆದ್ದಲು ಹಿಡಿದಾಗ ಅದೊಂದನ್ನು ಹೇಗೋ ಸ್ಕ್ಯಾನ್ ಮಾಡಿ ಉಳಿಸಿಕೊಂಡಿದ್ದೆ. ಅದರಿಂದ ನನ್ನ ಹೆಂಡತಿ ಸುಮಿತ್ರಳ ಎರಡೂ ಕಣ್ಣು ಕತ್ತರಿಸಿ, ಬೂದು ಬಣ್ಣ ಬಳಿದು, ಅಮ್ಮನವರಿಗೆ ಅಂಟಿಸಿದೆ. ಹೇಗೆ ಕಾಣುತ್ತದೋ ನೋಡೋಣವೆಂದು ಇಂಟರ್ನೆಟ್ಟಿಗೂ ಏರಿಸಿದೆ.

ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಕಿರೀಟ. ಹಣೆ. ಕಣ್ಣು. ಅಲ್ಲಿಗೆ ನಿಂತಿತು!

ಫೋನ್ ಲೈನ್ ಕಟ್ಟಾಗಿತ್ತು. ಮೂಗಿಲ್ಲ, ಬಾಯಿಲ್ಲ, ಕಣ್ಣು ಮಾತ್ರ ನನ್ನನ್ನು ನೋಡುತ್ತಿತ್ತು. ಕುರ್ಚಿ ಎಡಕ್ಕೆ ಸರಿಸಿದೆ, ನೋಡಿತು. ಬಲಕ್ಕೆ ಸರಿಸಿದೆ, ನೋಡಿತು. ಅಷ್ಟರಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಬಿಸಿಲಿಗೆಂದು ಶಟರ್ ಅರ್ಧ ಇಳಿಸಿದ್ದ ಅಂಗಡಿಯಲ್ಲಿ ಯುಪಿಎಸ್ ಒಂದೇ ಸಮ ಕುಯ್ಗುಡುತ್ತಿತ್ತು. ಬೆಳಕಿದ್ದದ್ದು ಆ ಕಣ್ಣಿನಲ್ಲಿ ಮಾತ್ರ. ಮೊದಲ ನೋಟ ಯಾರ ಮೇಲೆ ಬಿತ್ತೆಂದು ಆಗ ಹೊಳೆಯಿತು. ನನಗೆ ನಿಜವಾಗಿಯೂ ಭಯವಾಯಿತು.

ಆ ಹೊತ್ತಿಗೆ ಸುಮಿತ್ರ ಊಟದ ಡಬ್ಬಿ ತಂದಳು. ಪರದೆಯನ್ನೇ ನೋಡುತ್ತಾ ನಿಂತಳು.

"ರೀ, ಇವಳನ್ನ ಎಲ್ಲೋ ನೋಡಿದೀನಿ," ಅಂದಳು.

ನಾನು ಡಬ್ಬಿ ತೆರೆದು ಅನ್ನ ನುಂಗಿದೆ. ಸಾರು ಹಾಕಿಕೊಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೇಗನೆ ಬಂದರೆ ಲೈನ್ ಸರಿಯಾಗಿತ್ತು. ಕಣ್ಣು ಅಳಿಸಿ, ಬರೀ ಕಲ್ಲಿನ ಮುಖವನ್ನೇ ಏರಿಸಿದೆ. ಪುಟ ತೆರೆದೆ. ಕಣ್ಣು ಇತ್ತು. ಮತ್ತೆ ಅಳಿಸಿದೆ. ಮತ್ತೆ ಇತ್ತು. ಫೋನಿನ ತಂತಿ ಕಿತ್ತುಹಾಕಿ ತೆರೆದೆ. ಆಗಲೂ ಇತ್ತು! ಒಮ್ಮೆ ತೋರಿಸಿದ ಚಿತ್ರದ ನಕಲನ್ನು ಕಂಪ್ಯೂಟರ್ ತನ್ನಲ್ಲೇ ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ ಎಂಬ ಸಣ್ಣ ಸಂಗತಿ ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ನಲವತ್ತು ಪದ ಹುಟ್ಟಿಸಿದವನಿಗೆ ಅದೊಂದು ಗೊತ್ತಿರಲಿಲ್ಲ. ಹೊರಗೆ ಆಚಾರ್ರ ಸ್ಕೂಟರ್ ನಿಂತ ಸದ್ದಾಯಿತು. ಹೆಗಲ ಮೇಲಿದ್ದ ಟವೆಲ್ಲನ್ನು ಮಾನಿಟರಿನ ಮೇಲೆ ಎಸೆದೆ.

ಕನ್ನಡಿ ಹಿಡಿದು ಒಳಗೆ ಬಂದ ಆಚಾರ್ರು ಟವೆಲ್ ಕಂಡು ಕೈಮುಗಿದರು. ನಾನು ಭಕ್ತಿಯಿಂದ ಬಟ್ಟೆ ಮುಚ್ಚಿದ್ದೇನೆಂದು ತಿಳಿದು, ಜೊತೆಗೆ ಬಂದಿದ್ದ ಅಧ್ಯಕ್ಷ ಮುನಿವೆಂಕಟಪ್ಪನವರಿಗೆ ನನ್ನನ್ನು ಹೊಗಳಿದರು. ಕನ್ನಡಿಯನ್ನು ಎದುರಿಗಿಟ್ಟು, ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ, ಟವೆಲ್ ಎಳೆದರು. ಕನ್ನಡಿಯೊಳಗಿಂದ ಆ ಕಣ್ಣು ನಮ್ಮನ್ನು ನೋಡಿತು.

"ಏಮಿ ಆಚಾರಿ ಇದಿ?" ಅಧ್ಯಕ್ಷರು ತೆಲುಗಿನಲ್ಲಿ, ಏನಿದು ಎಂದು ಕೇಳಿದರು. ಕಣ್ಣು ತೆರೆದುಬಿಟ್ಟ ಮೇಲೆ ಈ ವಿಗ್ರಹ ನಮ್ಮೂರಿಗೆ ಬೇಡ ಅಂದರು.

ಆಚಾರ್ರ ಎಂಟು ತಿಂಗಳ ಕೆಲಸ ಶೆಡ್ಡಿನ ಪಾಲಾಗುವುದರಲ್ಲಿತ್ತು. ಎಲ್ಲವನ್ನೂ ಒಪ್ಪಿಕೊಂಡೆ. ಕಲ್ಲಿಗೆ ಯಾರೂ ಉಳಿ ತಾಗಿಸಿಲ್ಲ, ಕಣ್ಣು ಅಂಟಿಸಿದವನು ನಾನು, ಜೀವ ಗೀವ ಎಲ್ಲ ಬಾಯಿಗೆ ಬಂದಂತೆ ಹೇಳಿದ್ದು ಅಂದೆ. ಅಧ್ಯಕ್ಷರು ನಂಬಲಿಲ್ಲ. ಇಷ್ಟು ಜೀವ ಇರುವ ಕಣ್ಣನ್ನು ಅಂಟಿಸಲು ಎಲ್ಲಿಂದ ತಂದೆ ಎಂದು ಕೇಳಿದರು.

ಅದೇ ಗಳಿಗೆಯಲ್ಲಿ ತಿಂಡಿ ಡಬ್ಬಿ ಹಿಡಿದು ಸುಮಿತ್ರ ಬಾಗಿಲಲ್ಲಿ ನಿಂತಿದ್ದಳು. ನಾನು ಹೇಳಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಆಚಾರ್ರು ಪರದೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ಅಧ್ಯಕ್ಷರೇ, ಇದು ಅಮ್ಮನ ನೋಟ ಅಲ್ಲ. ಅಮ್ಮ ಎಲ್ರನ್ನೂ ನೋಡ್ತಾಳೆ. ಈ ಕಣ್ಣು ಒಬ್ಬನ್ನೇ ಹುಡುಕ್ತಾ ಐತೆ," ಅಂದರು.

ಅಧ್ಯಕ್ಷರೂ ಬಾಗಿಲ ಕಡೆ ತಿರುಗಿದರು. ಸುಮಿತ್ರ ಅದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ದಿನವೇ ಶಿವಾರಪಟ್ಟಣಕ್ಕೆ ಹೋಗಿ, ಕಲ್ಲನ್ನು ಕಣ್ಣಾರೆ ನೋಡಿ, ಪ್ರತಿಷ್ಠೆಗೆ ದಿನ ಗೊತ್ತುಮಾಡಿದರು.

ಅವರಿಬ್ಬರೂ ಹೊರಟ ಮೇಲೆ ಸುಮಿತ್ರ, ಮದುವೆ ಫೋಟೋ ತೋರಿಸಿ ಅಂದಳು. ತೆರೆದೆ. ನಾನು ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದೆ. ಪಕ್ಕದಲ್ಲಿದ್ದವಳ ಮುಖದಲ್ಲಿ ಎರಡು ಬಿಳಿ ತೂತುಗಳಿದ್ದವು. ಕತ್ತರಿಸಿದ ಮೇಲೆ ಸೇವ್ ಒತ್ತಿಬಿಟ್ಟಿದ್ದೆ.

"ಇದಕ್ಕೇನಂತೀರಿ, ನಿಮ್ಮ ಕೊಟೇಶನ್ ಭಾಷೇಲಿ?" ಎಂದು ಮೆಲ್ಲಗೆ ಕೇಳಿದಳು.

ನಾನು ಮೌಸ್ ಹಿಡಿದೆ. ಬೂದು ಬಳಿದ ಆ ಕಣ್ಣುಗಳನ್ನೇ, ಅಳಿಸಿದರೂ ಪರದೆಯಲ್ಲಿ ಉಳಿದಿದ್ದ ಅಮ್ಮನವರ ಮುಖದಿಂದ ಕಿತ್ತು ಅವಳಿಗೆ ವಾಪಸ್ ಅಂಟಿಸಿದೆ. ಇವತ್ತಿಗೂ ಆ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಣ್ಣಬಣ್ಣದ ಮದುವೆಯಲ್ಲಿ ಕಲ್ಲಿನ ಕಣ್ಣಿನ ಮದುವಣಗಿತ್ತಿ. ಸೋಫಾದ ಯಾವ ತುದಿಯಲ್ಲಿ ಕೂತರೂ ನನ್ನನ್ನೇ ನೋಡುತ್ತಾಳೆ. ನಾನೀಗ ಊಟಕ್ಕೆ ಅಡುಗೆಮನೆಯಲ್ಲೇ ಕೂರುತ್ತೇನೆ.