ಚಳಿ ದೇಶದ ಫೋಟೋ ಪುಸ್ತಕ, ರಾಯಚೂರು ಬಿಸಿಲು

ಹಳೇ ಪುಸ್ತಕ ಓದಿ ಫೋಟೋ ತೆಗೆಯಲು ಕಲಿತವನನ್ನು ಪಜೀತಿಗಳು ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದಲ್ಲಿ ರಾಯಚೂರಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ ನನಗೆ ಗುರು ಅಂತ ಯಾರೂ ಇರಲಿಲ್ಲ. ತೀನ್ ಕಂದೀಲ್ ವೃತ್ತದ ಹತ್ತಿರ ಹಳೇ ಪುಸ್ತಕ ಮಾರುತ್ತಿದ್ದ ಚಾಚಾನ ಅಂಗಡಿಯೇ ನನ್ನ ಕಾಲೇಜು.

1. ಔಷಧದ ಪುಸ್ತಕ

ಸಿಕ್ಕ ಮೊದಲ ಪುಸ್ತಕ ಇಂಗ್ಲಿಷರ ಕಾಲದ್ದು, ದಪ್ಪ ರಟ್ಟಿನದು. ಚಾಚಾ ಅದನ್ನು ವೈದ್ಯದ ಪುಸ್ತಕಗಳ ನಡುವೆ ಇಟ್ಟಿದ್ದರು.

"ಚಾಚಾ, ಇದು ಫೋಟೋ ತೊಳೆಯೋ ಪುಸ್ತಕ ಅದ" ಎಂದೆ.

"ಹೌದೇನ್ರಿ? ಪುಟಪುಟಕ್ಕ ಔಷಧ, ಅಳತಿ, ಬಾಟ್ಲಿ ಅದಾವ. ಹೋದ ತಿಂಗಳ ಒಬ್ಬ ಕಂಪೌಂಡರ್ ಒಯ್ದಿದ್ದ. ಎಂಟು ದಿನ ಓದಿ, ದಿನಕ್ಕ ಎಷ್ಟು ಸಲ ಕುಡೀಬೇಕಂತ ಎಲ್ಲೂ ಬರ್ದಿಲ್ಲಂತ ವಾಪಸ್ ಕೊಟ್ಟ."

ಆ ಕಂಪೌಂಡರನ ಓಣಿಯವರ ಪುಣ್ಯ ದೊಡ್ಡದು.

2. ಮೀಸೆ

ಪುಸ್ತಕ ಬರೆದವನು ಚಳಿ ದೇಶದವನು. ಅವನು ಕಡು ಬಿಸಿಲು ಎಂದದ್ದು ನಮ್ಮ ಕಡೆಯ ಸಂಜೆ ಬೆಳಕು. ನನಗೆ ಅದು ಹೊಳೆಯಬೇಕಲ್ಲ. ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರನ್ನು ಮಟಮಟ ಮಧ್ಯಾಹ್ನ, ಸುಣ್ಣ ಬಳಿದ ಹೊಸ ಗಿರಣಿಯ ಮುಂದೆ ನಿಲ್ಲಿಸಿ, ಪುಸ್ತಕ ಹೇಳಿದಷ್ಟು ಹೊತ್ತು ಕ್ಯಾಮೆರಾದೊಳಗೆ ಬೆಳಕು ಬಿಟ್ಟೆ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಗೋಡೆ, ಮುಖ ಎಲ್ಲ ಬೆಳಕಿನಲ್ಲಿ ಕೊಚ್ಚಿಹೋಗಿ ಕರಿ ಮೀಸೆಯೊಂದೇ ಉಳಿಯಿತು.

ಸಾಹುಕಾರರು ಬಹಳ ಹೊತ್ತು ನೋಡಿದರು. "ಗಿರಣಿ ಹೋದ್ರ ಹೋಗ್ಲಿ ಬಿಡ್ರಿ. ಮೀಸಿ ಮಾತ್ರ ಭಾಳ ಛಲೋ ಬಂದದ."

3. ಕಬ್ಬಿಣದ ಕವೆ

ಅಷ್ಟಾದರೂ ಅವರು ನನ್ನನ್ನು ಬಿಡಲಿಲ್ಲ. "ಗಬ್ಬೂರಾಗ ನಮ್ಮವ್ವ ಇದ್ದಾಳ. ಎಂಬತ್ತರ ಮ್ಯಾಲಾತು, ಒಂದೂ ಫೋಟೋ ಇಲ್ಲ. ಹೆಂಗೋ ಒಂದ ಸಲ ಅಂತ ಒಪ್ಯಾಳ. ಅದನ್ನ ಮಾತ್ರ ಕೆಡಸಬ್ಯಾಡ್ರಿ" ಎಂದರು. ನನ್ನ ಅವ್ವನೂ ಒಂದು ಫೋಟೋ ಇಲ್ಲದೆ ತೀರಿಹೋದವಳು. ಆ ಸಂಕಟ ನನಗೆ ಗೊತ್ತಿತ್ತು.

ಚಾಚಾನ ಅಂಗಡಿಯಲ್ಲಿ ಇನ್ನೂ ಹಳೆಯದೊಂದು ಪುಸ್ತಕ ಸಿಕ್ಕಿತು. ಕೂತವರು ಅಲುಗದಂತೆ ತಲೆಯ ಹಿಂದೆ ಕಬ್ಬಿಣದ ಕವೆ ನಿಲ್ಲಿಸಬೇಕೆಂದು ಅದರಲ್ಲಿ ಚಿತ್ರ ಸಮೇತ ಇತ್ತು. ಕಮ್ಮಾರನಿಂದ ಮಾಡಿಸಿ, ಸ್ಟ್ಯಾಂಡ್ ಕ್ಯಾಮೆರಾ ಮತ್ತು ಫಿಲ್ಮಿನ ಬದಲು ಅದಕ್ಕೆ ಹಾಕುವ, ಇದ್ದ ಒಂದೇ ಗಾಜಿನ ಪ್ಲೇಟು ಹೊತ್ತು ಗಬ್ಬೂರಿನ ಬಸ್ಸು ಹತ್ತಿದೆ.

ಎಲ್ಲ ಸಜ್ಜು ಮಾಡಿದ ಮೇಲೆ ಅಜ್ಜಿ ಕವೆಯ ಸುತ್ತ ಒಂದು ಸುತ್ತು ಬಂದಳು. "ಯಪ್ಪಾ, ಎತ್ತಿಗಿ ಲಾಳ ಬಡಿಯೋ ಮುಂದ ಹಿಂಗ ಕಟ್ತಾರ. ನೀ ಮೊದ್ಲ ಕೂಡು. ನಿನಗೇನೂ ಆಗಲಿಲ್ಲಂದ್ರ ನಾ ಕೂಡ್ತೀನಿ."

ಕೂತು ಕವೆಗೆ ತಲೆ ಕೊಟ್ಟೆ. ಅಜ್ಜಿ ಫೋಟೋ ಕ್ಲಿಕ್ಕಿಸುವ ರಬ್ಬರ್ ಬುರುಡೆ ಕೈಗೆತ್ತಿಕೊಂಡು, "ಇದನ್ನ ಹಿಚಕಬೇಕೇನು?" ಎನ್ನುತ್ತಲೇ ಹಿಚುಕಿಬಿಟ್ಟಳು. ಪ್ಲೇಟು ಮುಗಿಯಿತು.

"ಒಂದ ಸಲ ಅಂತ ಮಾತಾಗಿತ್ತು. ಆತಲ್ಲ" ಎಂದು ದನಕ್ಕೆ ಮೇವು ಹಾಕಲು ಹೊರಟಳು.

4. ಸೋಮವಾರದ ಪೂಜೆ

ತೊಳೆದು ನೋಡಿದರೆ ಬಾಯಿ ತೆರೆದ ನನ್ನದೇ ಮುಖ. ನನ್ನ ಸ್ಟುಡಿಯೋದಿಂದ ಅಷ್ಟು ಸ್ಪಷ್ಟ ಫೋಟೋ ಅದುವರೆಗೆ ಬಂದಿರಲಿಲ್ಲ. ತಪ್ಪಾಯಿತೆಂದು ಸಾಹುಕಾರರ ಕೈಗೆ ಕೊಟ್ಟೆ. "ನಮ್ಮವ್ವ ತೆಗದ ಫೋಟೋ" ಎಂದು ಅವರು ಕಟ್ಟು ಹಾಕಿಸಿ ಗಬ್ಬೂರಿನ ಮನೆಯಲ್ಲಿ ತೂಗುಹಾಕಿದರು.

ತಿಂಗಳ ಮೇಲೆ ಇನ್ನೊಮ್ಮೆ ಬೇಡಿಕೊಳ್ಳೋಣವೆಂದು ಕೈ ಕ್ಯಾಮೆರಾ ಹಿಡಿದು ಹೋದೆ. ಸಾಹುಕಾರರೂ ಜೊತೆಗಿದ್ದರು. ಅಂದು ಸೋಮವಾರ. ಗೋಡೆಯ ಮೇಲೆ ತೀರಿಹೋದ ಹಿರಿಯರ ಸಾಲಿನ ತುದಿಯಲ್ಲಿ ನಾನಿದ್ದೆ. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಮುಂದೆ ಊದಿನಕಡ್ಡಿ. ಪೂಜೆ ಮಾಡುತ್ತಿದ್ದ ಅಜ್ಜಿಯ ಸೊಸೆ ಬಾಗಿಲಲ್ಲಿ ನನ್ನನ್ನು ಕಂಡು ಗಂಟೆ ಕೈಬಿಟ್ಟಳು.

"ಗ್ವಾಡಿ ಏರಿದವರಿಗೆಲ್ಲಾ ವಿಭೂತಿ ಹಚ್ಚೋದ ನಮ್ಮ ಮನಿ ಪದ್ಧತಿರೀ" ಎಂದಳು ಸಾವರಿಸಿಕೊಂಡು. "ಒಬ್ಬರನ್ನ ಹೆಂಗ ಬಿಡ್ಲಿ?"

ಅಜ್ಜಿ ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಗತೊಡಗಿದಳು. ನಾನು ಕೇಳದೆಯೇ ಕ್ಯಾಮೆರಾ ಒತ್ತಿದೆ.

ಆ ಫೋಟೋ ನೋಡಿ ಸಾಹುಕಾರರು ಕಣ್ಣೊರೆಸಿಕೊಂಡರು. ಕಟ್ಟು ಹಾಕಿಸಿ ತಂದು ಗೋಡೆಗೆ ಮೊಳೆ ಹೊಡೆಯಲು ಹೋದರೆ ಅಜ್ಜಿ ಮಗನ ಕೈ ಹಿಡಿದಳು.

"ಯಪ್ಪಾ, ಅದನ್ನ ಪೆಟ್ಟಿಗ್ಯಾಗ ಇಡು. ಗ್ವಾಡಿಗಿ ಹಾಕಿದ್ರ ಈಕಿ ನನಗೂ ವಿಭೂತಿ ಹಚ್ಚತಾಳ. ಸದ್ಯಕ್ಕ ಅಲ್ಲಿ ಫೋಟೋದಾಂವ ಒಬ್ಬ ಇರಲಿ."