ಗೇಣುದ್ದದ ಅಂಗಿ

ಸೂಜಿ, ಉಲ್ಲನ್ ಕಡ್ಡಿ ಮನೆಯೊಳಗೆ ಕಾಲಿಟ್ಟ ಮೇಲೆ ಮನೆ ಮೊದಲಿನ ಹಾಗೆ ಇರುವುದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ಆದಾಗ ಮೈ ಜುಮ್ಮೆನ್ನುತ್ತದೆ, ಆಮೇಲೆ ನೆನೆಸಿಕೊಂಡು ನಗುವುದೇ ಕೆಲಸ. ನಾನು ಇಪ್ಪತ್ತೊಂಬತ್ತು ವರ್ಷ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಟಿ.ಸಿ. ಬರೆದು ಬರೆದು ಸವೆದ ಕೈ. ಒಂದು ಗುಂಡಿ ಹಚ್ಚುವುದೂ ನೆಟ್ಟಗೆ ಬರುತ್ತಿರಲಿಲ್ಲ. ರಿಟೈರ್ ಆದ ವರ್ಷವೇ ಮಗಳು ಬಸುರಿಯಾಗಿ ಇಟ್ಟಮಡುವಿನ ನಮ್ಮ ಮನೆಗೆ ಬಂದಳು. ಹುಟ್ಟುವ ಮಗುವಿಗೆ ಅಂಗಡಿಯದ್ದು ಬೇಡ, ನನ್ನ ಕೈಯಾರೆ ಮಾಡಿದ್ದನ್ನೇ ಹಾಕಬೇಕು ಅಂತ ಅದು ಹೇಗೋ ನನ್ನ ತಲೆಗೆ ಹೊಕ್ಕಿತು.

೧. ಮಧ್ಯದಲ್ಲೇ ಹೋದವರು

ಜಯನಗರದಲ್ಲಿ ವಯಸ್ಸಾದ ಟೀಚರ್ ಒಬ್ಬರು ಮನೆಯಲ್ಲೇ ಹೆಣಿಗೆ, ಹೊಲಿಗೆ ಎರಡೂ ಕಲಿಸುತ್ತಾರೆ ಅಂತ ಗೊತ್ತಾಯಿತು. ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ಗೇಟು ತೆರೆದಿತ್ತು, ಬಾಗಿಲೂ ತೆರೆದಿತ್ತು. ಮುಂದಿನ ಮರ ಕಿಟಕಿಗೆ ಒತ್ತಿಕೊಂಡು ಬೆಳೆದಿದ್ದರಿಂದ ಒಳಗೆಲ್ಲ ಮಬ್ಬು. ಯಾರೂ ಕಾಣಲಿಲ್ಲ. ಆದರೆ ಎಲ್ಲಿಂದಲೋ ಟಿಕ್ ಟಿಕ್ ಅಂತ ಸದ್ದು. ಗಡಿಯಾರ ಅಂದುಕೊಂಡೆ. ನೋಡಿದರೆ ಗೋಡೆಯ ಗಡಿಯಾರ ನಿಂತು ಎಷ್ಟು ಕಾಲವಾಗಿತ್ತೋ.

ಕಣ್ಣು ಹೊಂದಿಕೊಂಡ ಮೇಲೆ ಹಾಲಿನ ಉದ್ದಕ್ಕೂ ಕಟ್ಟಿದ್ದ ಹಗ್ಗ ಕಂಡಿತು. ಅದರ ಮೇಲೆ ಸಾಲಾಗಿ ಪುಟ್ಟ ಪುಟ್ಟ ಸ್ವೆಟರುಗಳು. ಒಂದಕ್ಕೆ ಒಂದೇ ತೋಳು. ಇನ್ನೊಂದಕ್ಕೆ ಬೆನ್ನಿದೆ, ಎದೆಯಿಲ್ಲ. ಫ್ಯಾನಿನ ಗಾಳಿಗೆ ಎಲ್ಲವೂ ಮೆಲ್ಲಗೆ ಅಲ್ಲಾಡುತ್ತಿದ್ದವು.

ಎತ್ತರದ ಬೆನ್ನಿನ ಕುರ್ಚಿಯೊಂದರ ಆಚೆಯಿಂದ "ಬನ್ನಿ" ಅಂತ ದನಿ ಬಂತು. ಟೀಚರ್ ಕಣ್ಣು ಮುಚ್ಚಿಕೊಂಡೇ ಹೆಣೆಯುತ್ತಿದ್ದರು. ನನ್ನ ಕೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ಹಗ್ಗದ ಮೇಲಿರೋ ಸ್ವೆಟರೆಲ್ಲ ಯಾರದು ಅಂತ ಕೇಳಿದೆ.

"ಎಲ್ಲ ಮಧ್ಯದಲ್ಲೇ ಹೋದವರದು," ಅಂದರು. "ಆ ನೀಲಿ ಬಣ್ಣದವಳು ಮೊದಲನೇ ತೋಳಲ್ಲೇ ಹೋದಳು. ಹಳದಿಯವಳು, ಪಾಪ, ಒಂದೇ ವಾರ. ಕತ್ತಿನ ಹತ್ರ ಬಂದು ಹೋದವರೇ ಜಾಸ್ತಿ."

ಏನಾಗಿತ್ತು ಅವರಿಗೆ ಅಂತ ಮೆಲ್ಲಗೆ ಕೇಳಿದೆ.

"ಏನಾಗುತ್ತೆ? ಬಿಟಿಎಂನಿಂದ ಬರೋಕೇ ಒಂದೂವರೆ ಗಂಟೆ ಟ್ರಾಫಿಕ್ಕು ಟೀಚರ್ ಅಂತಾರೆ, ಕ್ಲಾಸ್ ಬಿಡ್ತಾರೆ. ನೀವು ಎಲ್ಲೀವರೆಗೆ ಇರ್ತೀರೋ ನೋಡೋಣ."

೨. ನೀರು ಕೇಳಿದ ಸ್ವೆಟರು

ನಾನು ಕತ್ತಿನವರೆಗೂ ಬಂದೆ, ಅದನ್ನು ದಾಟಿಯೂ ಹೋದೆ. ಎರಡು ತಿಂಗಳಿಗೆ ಒಂದು ಬೂದು ಬಣ್ಣದ ಸ್ವೆಟರು ಮುಗಿಯಿತು. ಅದು ಮೂರು ವರ್ಷದ ಮಗುವಿನ ಅಳತೆಯದು, ಕೈ ಪಳಗಲಿ ಅಂತ ಟೀಚರ್ ಹಾಕಿಸಿದ್ದು. ಪಕ್ಕದ ಮನೆಯಲ್ಲಿ ಅಷ್ಟೇ ವಯಸ್ಸಿನ ಹುಡುಗಿ ಇದ್ದಳು. ಕರೆದುಕೊಂಡು ಬಂದು ಹಾಕಿದೆ. ತೋಳು ಸರಿಯಾಗಿ ಕೂತವು. ತಲೆ ಮಾತ್ರ ಒಳಗೇ ಉಳಿಯಿತು. ಕತ್ತಿನ ತೂತು ಚಿಕ್ಕದಾಗಿಬಿಟ್ಟಿತ್ತು. ಎಳೆದಷ್ಟೂ ಉಲ್ಲನ್ ಬಿಗಿಯಾಯಿತು.

ಹುಡುಗಿ ಅಳಲಿಲ್ಲ, ಅದೇ ತಪ್ಪಾಗಿದ್ದು. ನಾನು ಕತ್ತರಿ ಹುಡುಕಲು ರೂಮಿಗೆ ಹೋದೆ. ಅಷ್ಟರಲ್ಲಿ ಅವಳು ಎರಡೂ ಕೈ ಮುಂದೆ ಚಾಚಿಕೊಂಡು, ಗೋಡೆ ಸವರುತ್ತ ಪ್ಯಾಸೇಜಿಗೆ ನಡೆದಿದ್ದಾಳೆ. ಹೊರಗೆ ಮೋಡ, ಒಳಗೆ ಲೈಟು ಹಾಕಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮೊಮ್ಮಗಳನ್ನು ಹುಡುಕಿಕೊಂಡು ಅವಳ ಅಜ್ಜಿ ಬಂದರು. ಹಣೆ ತುಂಬ ವಿಭೂತಿ ಧರಿಸುವ, ಶಿವಪೂಜೆ ಆಗದೆ ಕಾಫಿ ಮುಟ್ಟದ ಹೆಂಗಸು. ಹುಟ್ಟದ ಮಗುವಿಗೆ ಬಟ್ಟೆ ಹೊಲಿಯಬಾರದು, ಕೆಡುಕು, ಅಂತ ನನಗೆ ಮೊದಲ ದಿನವೇ ಎಚ್ಚರಿಸಿದ್ದವರು ಇವರೇ.

ಅವರ ಎದುರಿಗೆ ಮೂರಡಿ ಎತ್ತರದ, ತಲೆಯಿಲ್ಲದ ಒಂದು ಬೂದು ಆಕಾರ ಬಂದು ನಿಂತು, ಹೊಟ್ಟೆಯೊಳಗಿನಿಂದ ಬಂದಂಥ ದನಿಯಲ್ಲಿ "ನೀರು" ಅಂತು.

ನಾನು ಕತ್ತರಿ ಹಿಡಿದು ಓಡಿ ಬರುವಷ್ಟರಲ್ಲಿ ಅಜ್ಜಿ ಗೋಡೆಗೆ ಅಂಟಿಕೊಂಡು ಪಂಚಾಕ್ಷರಿ ಹೇಳುತ್ತಿದ್ದರು. ಕತ್ತು ಕತ್ತರಿಸಿ ಮೊಮ್ಮಗಳ ಮುಖ ಹೊರಗೆ ತಂದ ಮೇಲೂ ಐದು ನಿಮಿಷ ನಂಬಲಿಲ್ಲ. ಎರಡು ದಿನ ನನ್ನ ಜತೆ ಮಾತು ಬಿಟ್ಟರು. ಹುಡುಗಿ ಮಾತ್ರ ದಿನಾ ಸಾಯಂಕಾಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು: "ಆಂಟಿ, ಆ ಸ್ವೆಟರ್ ಹಾಕಿ. ಅಜ್ಜಿ ದೇವರ ಮನೇಲಿದ್ದಾರೆ."

೩. ಮೆಷಿನ್ನಿನ ಹಳೆ ಯಜಮಾನಿ

ಹೊಲಿಗೆ ಮೆಷಿನ್ನು ಸಿದ್ದಾಪುರದ ಒಂದು ಮನೆಯಿಂದ ಹಳೆಯದು ತಂದೆ, ಕರೆಂಟಿನದು. ಹೊಲಿಯುತ್ತಿದ್ದ ಅಜ್ಜಿ ತೀರಿಕೊಂಡಿದ್ದರು. ಸೊಸೆ ಅದನ್ನು ಕೊಡುವಾಗ, ನಮ್ಮತ್ತೆಗೆ ಇದನ್ನ ಬೇರೆಯವರು ಮುಟ್ಟಿದ್ರೆ ಆಗ್ತಿರಲಿಲ್ಲ ಅಂತ ಒಂದು ಮಾತು ಸೇರಿಸಿಯೇ ಕೊಟ್ಟಳು.

ಒಂದು ಮಧ್ಯಾಹ್ನ ಮಗುವಿನ ಜಬಲಾ ಹೊಲಿಯುತ್ತಿದ್ದಾಗ ಕರೆಂಟು ಹೋಯಿತು. ಎದ್ದು ಊಟಕ್ಕೆ ಬಂದೆ. ನಾನೂ ಮಗಳೂ ತಟ್ಟೆ ಮುಂದೆ ಕೂತಿದ್ದೇವೆ, ರೂಮಿನೊಳಗೆ ಮೆಷಿನ್ನು ಗುರ್ರ್ ಅಂತ ಓಡತೊಡಗಿತು. ಮಗಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇಬ್ಬರೂ ಕೈ ಹಿಡಿದುಕೊಂಡು ಹೋಗಿ ಇಣುಕಿದೆವು. ಸ್ಟೂಲು ಖಾಲಿ. ಸೂಜಿ ಮೇಲೆ ಕೆಳಗೆ ಆಡುತ್ತಿದೆ, ಬಟ್ಟೆ ತಾನೇ ಮುಂದೆ ಸರಿಯುತ್ತಿದೆ.

ಆಮೇಲೆ ಗೊತ್ತಾಯಿತು, ಎದ್ದು ಬರುವಾಗ ನಾನು ಹಳೆ ಬಟ್ಟೆ ಚೀಲವನ್ನು ಕಾಲಿನಿಂದಲೇ ಮೇಜಿನ ಕೆಳಗೆ ತಳ್ಳಿದ್ದೆ. ಅದು ಪೆಡಲಿನ ಮೇಲೆ ಕೂತಿತ್ತು. ಕರೆಂಟು ವಾಪಸ್ ಬಂದಿತ್ತು, ಅಷ್ಟೇ. ಸ್ವಿಚ್ ಆಫ್ ಮಾಡಿ ಜಬಲಾ ತೆಗೆದು ನೋಡಿದೆ. ಅರ್ಧ ಹೊಲಿಗೆ ನನ್ನದು, ಅರ್ಧ ಆ ಅಜ್ಜಿಯದು. ನನ್ನ ಅರ್ಧ ಅಂಕುಡೊಂಕಾಗಿತ್ತು. ಮಗಳು ಎರಡನ್ನೂ ಹೋಲಿಸಿ, ಅಮ್ಮಾ, ನಿಂದನ್ನ ಬಿಚ್ಚಿ ಇನ್ನೊಂದ್ಸಲ ಊಟಕ್ಕೆ ಬಾ, ಅಂದಳು.

೪. ತೆಂಗಿನಕಾಯಿ ತಲೆ

ಎಂಟನೇ ತಿಂಗಳು ಶುರುವಾಗುತ್ತಿದ್ದಂತೆ ಮಗಳಿಗೆ ನೋವು ಬಂತು. ಹೆಣ್ಣು ಮಗು. ತೂಕ ಒಂದೂವರೆ ಕೆಜಿಯೂ ಇಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ನನ್ನನ್ನು ಒಂದು ಸಲ ಮಾತ್ರ ಒಳಗೆ ಬಿಟ್ಟರು. ತಲೆಯಿಂದ ಕಾಲಿನವರೆಗೆ ಎರಡು ಗೇಣಿಗೂ ಕಡಿಮೆ. ನಾನು ಅಷ್ಟು ದಿನ ಹೊಲಿದಿಟ್ಟ ಒಂದೊಂದು ಜಬಲಾದೊಳಗೂ ಅಂಥ ಮೂರು ಮಕ್ಕಳು ಹಿಡಿಯುತ್ತಿದ್ದವು. ಮುಂದೆ ತೆರೆದಿರೋ, ದಾರ ಕಟ್ಟೋ ಅಂಥ ಮೆತ್ತನೆ ಅಂಗಿ ತನ್ನಿ, ಗುಂಡಿ ಬೇಡ, ಒಂದು ಟೋಪಿ ಕೂಡ ಇರಲಿ, ಅಂತ ನರ್ಸ್ ಹೇಳಿದರು. ತಲೆ ಸುತ್ತಳತೆಗೆ ಒಂದು ದಾರವನ್ನೂ ಕತ್ತರಿಸಿ ಕೊಟ್ಟರು.

ಪಕ್ಕದ ಮನೆ ಅಜ್ಜಿಯ ಮಾತು ಮುಳ್ಳಿನ ಹಾಗೆ ಒಳಗೇ ಚುಚ್ಚುತ್ತಿತ್ತು. ಸೀದಾ ಟೀಚರ್ ಮನೆಗೆ ಹೋಗಿ ಅತ್ತುಬಿಟ್ಟೆ. ನಾನು ಮೊದಲೇ ಸೂಜಿ ಹಿಡಿದಿದ್ದಕ್ಕೆ ಹೀಗಾಯ್ತಾ ಅಂತ ಕೇಳಿದೆ.

ಅವರು ಹೆಣಿಗೆ ನಿಲ್ಲಿಸಲಿಲ್ಲ. "ಸೂಜಿಗೆ ಅಷ್ಟು ಶಕ್ತಿ ಇದ್ದಿದ್ರೆ ಆ ಹಗ್ಗದ ಮೇಲೆ ಒಂದೂ ಸ್ವೆಟರ್ ಇರ್ತಿರಲಿಲ್ಲ. ಕಣ್ಣು ಒರೆಸ್ಕೊಂಡು ಅಳತೆ ಹೇಳಿ."

ಅಷ್ಟು ಚಿಕ್ಕದನ್ನು ಅಂದಾಜಿನ ಮೇಲೆ ಹೊಲಿಯೋಕಾಗಲ್ಲ, ಅದೇ ಅಳತೆಯ ಒಂದು ಗೊಂಬೆ ಕಟ್ಟಿಕೊಂಡು ಅದರ ಮೇಲೆ ಬಟ್ಟೆ ಇಟ್ಟು ಪಿನ್ ಮಾಡಿ ಅಂದರು. ಮನೆಗೆ ಬಂದು ಹಳೆ ಪಂಚೆ ಸುತ್ತಿ ಮೈ ಮಾಡಿದೆ, ಕೈಗೆ ಎರಡು ಸುರುಳಿ. ನರ್ಸ್ ಕೊಟ್ಟ ದಾರಕ್ಕೆ ಸರಿಹೊಂದುವ ತಲೆ ಮನೆಯಲ್ಲಿ ಹುಡುಕಿದರೆ ಸುಲಿದ ತೆಂಗಿನಕಾಯಿಯೇ. ಅದನ್ನೇ ಕಟ್ಟಿ, ಅದಕ್ಕೊಂದು ಟೋಪಿ ಹೊಲಿದು ಹಾಕಿ, ಊಟದ ಮೇಜಿನ ಮೇಲೆ ಮಲಗಿಸಿದೆ. ಮೂರು ಕಣ್ಣೂ ಸೂರು ನೋಡುತ್ತಿದ್ದವು. ಎದೆಗೆ, ಹೆಗಲಿಗೆ, ಕಂಕುಳಿಗೆ ಪಿನ್ನು. ಗುರುತಿಗೆ ಕೆಂಪು ದಾರ. ಉಳಿದ ಪಿನ್ನು ಚೆಲ್ಲದಿರಲಿ ಅಂತ ಪಕ್ಕದಲ್ಲೇ ಇದ್ದ ನಿಂಬೆಹಣ್ಣಿಗೆ ಚುಚ್ಚಿಟ್ಟು ಆಸ್ಪತ್ರೆಗೆ ಓಡಿದೆ.

ನಮ್ಮ ಮನೆಕೆಲಸದವಳು ರಾಯಚೂರು ಕಡೆಯವಳು. ಬೀಗದ ಕೈ ಅವಳ ಹತ್ತಿರವೂ ಇತ್ತು. ನಾನು ವಾಪಸ್ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಹಾಲಿನ ನಡುವೆ ಪೊರಕೆ ಬಿದ್ದಿತ್ತು. ಅವಳ ಚಪ್ಪಲಿ ಮೆಟ್ಟಿಲ ಹತ್ತಿರವೇ ಇತ್ತು, ಅವಳು ಇರಲಿಲ್ಲ.

ಫೋನ್ ಮಾಡಿದರೆ ತೆಗೆಯಲಿಲ್ಲ. ನನಗೂ ಅವಳ ಹಿಂದೆ ಬೀಳುವ ಪುರುಸೊತ್ತಿರಲಿಲ್ಲ. ಅಂಗಿ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ನರ್ಸ್ ಮೊದಲ ಸಲ ಅದನ್ನು ಮಗುವಿಗೆ ತೊಡಿಸಿ ದಾರ ಕಟ್ಟಿದಾಗ ಒಂದು ಕಡೆಯೂ ಸಡಿಲ ಇರಲಿಲ್ಲ, ಬಿಗಿ ಇರಲಿಲ್ಲ. ಗಾಜಿನ ಆಚೆ ನಿಂತು ನಾನು ನೋಡುತ್ತಲೇ ಇದ್ದೆ. ಬದುಕುತ್ತಾಳೆ ಅಂತ ಅವತ್ತು ಮೊದಲ ಸಲ ಅನ್ನಿಸಿತು.

ಈ ಮಧ್ಯೆ ಬೀದಿಯಲ್ಲಿ ಏನೋ ಬದಲಾಗಿತ್ತು. ಸೊಪ್ಪಿನವಳು ಕೇಳದೆಯೇ ಕರಿಬೇವು ಹಾಕಿ, ಕಣ್ಣು ತಗ್ಗಿಸುತ್ತಿದ್ದಳು. ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ವರ್ಷಗಟ್ಟಲೆ ಜಗಳವಾಡಿದ್ದ ಎದುರು ಮನೆಯಾತ ತಾನಾಗಿಯೇ ಕಾರು ತೆಗೆದು, ಸಾರಿ ಮೇಡಂ, ಅಂದ. ಮೊಮ್ಮಗಳ ಸುದ್ದಿ ಕೇಳಿ ಜನ ಮರುಗಿದ್ದಾರೆ ಅಂದುಕೊಂಡೆ.

ಐದನೇ ವಾರಕ್ಕೆ ಮಗು ಮನೆಗೆ ಬಂತು. ಅವತ್ತು ಸಾಯಂಕಾಲವೇ ಕೆಲಸದವಳು ಬಾಗಿಲಲ್ಲಿ ಬಂದು ನಿಂತಳು. ಮಗಳ ಮಡಿಲಲ್ಲಿದ್ದ ಮಗುವನ್ನು ನೋಡಿದಳು. ಅದೇ ಅಂಗಿ, ಅದೇ ಟೋಪಿ. ಮೈಯಲ್ಲಿ ಜೀವ ಮಾತ್ರ ಹೊಸದು. ಅವಳ ಮುಖ ಬಿಳಿಚಿಕೊಂಡಿತು. ಅವತ್ತು ಪೊರಕೆ ಬಿಸಾಕಿ ಓಡಿದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅದು ಅಳತೆಯ ಗೊಂಬೆ, ಪಿನ್ನು ಗುರುತಿಗೆ, ಆ ಕಾಯನ್ನ ಆಮೇಲೆ ಚಟ್ನಿಗೆ ಒಡೆದೆವು ಅಂದೆ. ಚಟ್ನಿ ಅಂದಾಗ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದಳು. ಉಳಿದದ್ದಕ್ಕೆಲ್ಲ ಗಂಭೀರವಾಗಿ ತಲೆಯಾಡಿಸಿದಳು. ಸದ್ಯ, ಅರ್ಥವಾಯಿತಲ್ಲ ಅಂತ ನನಗೂ ಸಮಾಧಾನವಾಯಿತು.

ಅವಳು ಆ ಕಡೆ ಈ ಕಡೆ ನೋಡಿ, ಚೀಲದಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಹಳೆ ಬ್ಲೌಸು ತೆಗೆದು ನನ್ನ ಕೈಗಿಟ್ಟಳು.

"ನಮ್ಮ ಅತ್ತೀದರಿ ಅಕ್ಕಾರ, ಅಳತೀಗೆ," ಅಂದಳು ಮೆಲ್ಲಗೆ. "ಭಾಳ ಬ್ಯಾಡ. ಬಾಯಿಗೆ ಒಂದ ಪಿನ್ನು ಸಾಕು."