ಒಂದು ಜಂಪಿನವನ ಕಂಪ್ಯೂಟರು

ನಾನು ಒಮ್ಮೆ ವಿಮಾನದಿಂದ ಹಾರಿದವನು. ಕೊಳ್ಳೇಗಾಲದಂಥ ಊರಿನಲ್ಲಿ ಹೀಗೆ ಹೇಳಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ‘ಎಲ್ಲಿ, ಇನ್ನೊಂದು ಸಲ ಹಾರಿ ತೋರಿಸಿ’ ಎಂದು ಯಾರೂ ಕೇಳುವಂತಿಲ್ಲ. ನಮ್ಮ ಊರಿನ ಮೇಲೆ ವಿಮಾನ ಹೋಗುವುದೇ ಅಪರೂಪ, ಹೋದರೂ ಅದು ನಮಗಾಗಿ ನಿಲ್ಲುವುದಿಲ್ಲ. ಹೇಳಿಕೊಳ್ಳಲು ಮನುಷ್ಯನಿಗೆ ಏನಾದರೂ ಒಂದು ಬೇಕು. ಕೆಲವರಿಗೆ ಗದ್ದೆ ಇರುತ್ತದೆ, ಕೆಲವರಿಗೆ ಅಳಿಯ ಇರುತ್ತಾನೆ, ನಮ್ಮ ಆಫೀಸಿನ ಸೂಪರಿಂಟೆಂಡೆಂಟರಿಗೆ ಸಕ್ಕರೆ ಕಾಯಿಲೆ ಇದೆ. ಗುಮಾಸ್ತನಾದ ನನಗೆ ಇರುವುದು ಆ ಒಂದು ಜಂಪು. ಕಾಲೇಜಿನಲ್ಲಿ ಕೆಡೆಟ್ ಆಗಿದ್ದಾಗ ಪ್ಯಾರಾಚೂಟ್ ತರಬೇತಿಗೆಂದು ಉತ್ತರದ ಕಡೆ ಕರೆದುಕೊಂಡು ಹೋಗಿದ್ದರು. ಐದು ಸಲ ಹಾರಬೇಕಿತ್ತು. ಮೊದಲನೆಯದರಲ್ಲೇ ಕಾಲು ಉಳುಕಿ, ಉಳಿದ ನಾಲ್ಕನ್ನು ಆಸ್ಪತ್ರೆಯ ಕಿಟಕಿಯಿಂದ ನೋಡಿದೆ.

ಆ ಒಂದರ ಬಗ್ಗೆಯೂ ನಿಮ್ಮೊಬ್ಬರಿಗೆ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನದ ಬಾಗಿಲಿಗೆ ಬಂದು ನಿಂತಾಗ ನನ್ನ ಎರಡೂ ಕೈಗಳು ಚೌಕಟ್ಟನ್ನು ಹಿಡಿದುಕೊಂಡವು. ನಾನು ಹಿಡಿದದ್ದಲ್ಲ, ಅವೇ ಹಿಡಿದವು. ತರಬೇತಿ ಕೊಡುತ್ತಿದ್ದ ಉಸ್ತಾದರು ‘ಗೋ’ ಎಂದರು. ನಾನು ಹೋಗಲಿಲ್ಲ. ಇನ್ನೊಮ್ಮೆ ಎಂದರು. ನಾನು ಕೆಳಗಿನ ಹೊಲಗಳಲ್ಲಿ ಏನು ಬೆಳೆದಿದ್ದಾರೆಂದು ನೋಡುತ್ತಿದ್ದೆ. ಆಮೇಲೆ ಅವರ ಬೂಟು ನನ್ನ ಹಿಂಭಾಗಕ್ಕೆ ತಗುಲಿತು, ನಾನು ಆಕಾಶದಲ್ಲಿದ್ದೆ. ಊರಿಗೆ ಬಂದು ಹೇಳುವಾಗ ಬೂಟಿನ ಭಾಗವನ್ನು ಬಿಟ್ಟು ಹೇಳಿದೆ. ಒಮ್ಮೆ ಬಿಟ್ಟ ಮೇಲೆ ಅದನ್ನು ಮತ್ತೆ ಸೇರಿಸಲು ಜಾಗವೇ ಸಿಗಲಿಲ್ಲ. ಹೆಣ್ಣು ನೋಡಲು ಹನೂರಿಗೆ ಹೋದಾಗ, ಹುಡುಗನಿಗೆ ಸಂಬಳ ಕಡಿಮೆಯಾಯಿತಲ್ಲ ಎಂದು ಯೋಚಿಸುತ್ತಿದ್ದ ಮಾವನವರು ಜಂಪಿನ ಕಥೆ ಕೇಳಿ ‘ಧೈರ್ಯಸ್ಥ’ ಎಂದು ಒಪ್ಪಿಕೊಂಡರು. ಅಂದರೆ ನನ್ನ ಸಂಸಾರ ನಿಂತಿರುವುದೇ ಆ ಬೂಟನ್ನು ಬಿಟ್ಟದ್ದರ ಮೇಲೆ. ಹದಿನಾಲ್ಕು ವರ್ಷ ನನ್ನ ಹೆಂಡತಿ ಗಿರಿಜಾ ತನ್ನ ಸ್ಕೂಲಿನ ಟೀಚರುಗಳಿಗೆಲ್ಲ ‘ನಮ್ಮನೆಯವ್ರು ಪ್ಲೇನಿಂದ ಹಾರಿದಾರೆ’ ಎಂದು ಹೇಳಿಕೊಂಡು ಬಂದಿದ್ದಳು. ಹಾಗೆ ಅವಳು ಹೇಳುವಾಗೆಲ್ಲ ನನಗೆ ಹೆಮ್ಮೆಯೂ ಆಗುತ್ತಿತ್ತು, ಕೂತ ಕುರ್ಚಿಯೂ ಚುಚ್ಚುತ್ತಿತ್ತು.

ಹೀಗಿರುವಾಗ ನಮ್ಮದೊಂದು ಸಂಘವಾಯಿತು. ಹಾರಿದವರ ಸಂಘ. ಮೂರು ತಾಲ್ಲೂಕು ಜಾಲಾಡಿದರೂ ಸಿಕ್ಕ ಸದಸ್ಯರು ಮೂರೇ ಮಂದಿ. ಬಂಡಳ್ಳಿಯ ಹವಾಲ್ದಾರ್ ಮಹದೇವಪ್ಪನವರು ಸೈನ್ಯದಲ್ಲಿ ಅರವತ್ಮೂರು ಸಲ ಹಾರಿ, ರಿಟೈರಾಗಿ, ಈಗ ಅರಿಸಿನ ಬೆಳೆಯುತ್ತಿದ್ದರು. ಮಾಂಬಳ್ಳಿಯ ಸಿದ್ದರಾಜು ನನ್ನ ಹಾಗೆಯೇ ಕೆಡೆಟ್ ಆಗಿದ್ದವನು, ಆದರೆ ಐದನ್ನೂ ಹಾರಿ ಮುಗಿಸಿದವನು. ಯಳಂದೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಮೂರನೆಯವನು ನಾನು, ಒಂದು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಸಭೆ. ಸಂಘ ಅಂದ ಮೇಲೆ ರೀತಿನೀತಿ ಬೇಕಲ್ಲ, ಹವಾಲ್ದಾರರು ಮೊದಲ ದಿನವೇ ವಿಧಿಸಿದರು. ಜಂಪು ಹೆಚ್ಚಿದ್ದವರು ಮೊದಲು ಮಾತಾಡಬೇಕು. ಅವರು ಮುಗಿಸುವ ತನಕ ಕಡಿಮೆಯವರು ಬಾಯಿ ಹಾಕಕೂಡದು. ಒಬ್ಬ ಮಡಚಿ ಕಟ್ಟಿದ ಪ್ಯಾರಾಚೂಟಿನ ಮೂಟೆಯನ್ನು ಇನ್ನೊಬ್ಬ ಮುಟ್ಟಕೂಡದು. ಕಟ್ಟಿದವನು ಚೀಟಿಯಲ್ಲಿ ಸಹಿ ಹಾಕಿ ಒಳಗಿಡಬೇಕು. ಇನ್ನು ಕೊನೆಯದನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. “ಯಾರ್ನೂ, ನೀ ಆರಿದ್ಯಾ, ಇಲ್ಲ ತಳ್ಳುದ್ರಾ ಅಂತ ಕೇಳ್ಬಾರ್ದು. ಅದು ಮರ್ವಾದೆ ಅಲ್ಲ.” ನಾನು ತಕ್ಷಣ ಕೈ ಎತ್ತಿ ಆ ನಿಯಮವನ್ನು ಅನುಮೋದಿಸಿದೆ. ಅಷ್ಟು ಬೇಗ ಕೈ ಎತ್ತಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಮೂರು ಜನರ ಬಳಿ ಹೇಳಲಿಕ್ಕೆ ಇದ್ದ ಜಂಪಿನ ಕಥೆಗಳು ಮೂರು ಭಾನುವಾರಕ್ಕೇ ಮುಗಿದವು. ನನ್ನದು ಮೊದಲ ಲೋಟ ಕಾಫಿ ಆರುವ ಮೊದಲೇ ಮುಗಿದಿತ್ತು. ನಾಲ್ಕನೆಯ ವಾರ ಸಿದ್ದರಾಜು ಚೀಲದಲ್ಲಿ ಒಂದು ಹಳೆಯ ಮದರ್‌ಬೋರ್ಡ್ ತಂದಿದ್ದ. ಹವಾಲ್ದಾರರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಲ್ಲಿಂದ ಮುಂದೆ ನಮ್ಮ ಸಂಘದಲ್ಲಿ ಆಕಾಶದ ಸುದ್ದಿ ನಿಂತು RAM, ಹಾರ್ಡ್ ಡಿಸ್ಕ್, ಪ್ರೊಸೆಸರುಗಳ ಸುದ್ದಿ ಶುರುವಾಯಿತು. ಆದರೆ ನಿಯಮಗಳು ಮಾತ್ರ ಹಾಗೇ ಉಳಿದವು. ಹಾರ್ಡ್‌ವೇರ್ ಬಗ್ಗೆ ಯಾವ ಪ್ರಶ್ನೆ ಬಂದರೂ ಮೊದಲು ಉತ್ತರ ಹೇಳಬೇಕಾದವರು ಅರವತ್ಮೂರು ಜಂಪಿನ ಮಹದೇವಪ್ಪನವರು. ಅವರು ಮೌಸನ್ನು ಕೈಯಲ್ಲಿ ಹಿಡಿದದ್ದೇ ನಮ್ಮ ಜಗಲಿಯಲ್ಲಿ. “ಈ ಯುಪಿಎಸ್ಸು ಅಂದ್ರೆ ನಮ್ ರಿಸರ್ವು ಕಣ್ಲಾ. ದೊಡ್ಡುದ್ ಬಿಚ್ಕಳ್ದೇ ಓದ್ರೆ ಎದೆ ಮ್ಯಾಗಿಂದು ಬಿಚ್ಕತದಲ್ಲ, ಅದೇಯ” ಎಂದು ಅವರು ಅರ್ಧ ಗಂಟೆ ವಿವರಿಸುವಾಗ, ಕಂಪ್ಯೂಟರ್ ಜೋಡಿಸಿಯೇ ಜೀವನ ಮಾಡುವ ಸಿದ್ದರಾಜು ಐದು ಜಂಪಿಗೆ ತಕ್ಕಷ್ಟು ತಲೆ ಆಡಿಸುತ್ತ ಕೂತಿರುತ್ತಿದ್ದ.

ಅವನ ಅಂಗಡಿಯಿಂದಲೇ ನಾನೂ ಒಂದು ಕಂಪ್ಯೂಟರ್ ಜೋಡಿಸಿಕೊಂಡೆ. ಗಿರಿಜಾ ಮುಳ್ಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಹೊರಗೆ ಟೈಪಿಗೆ ಕೊಟ್ಟರೆ ಮಕ್ಕಳ ಕೈಗೆ ಸಿಕ್ಕಿಬಿಡುತ್ತವೆ, ಆರೂ ಪತ್ರಿಕೆ ನಾನೇ ಮನೆಯಲ್ಲಿ ಮಾಡಿಕೊಡುತ್ತೇನೆ ಎಂದು ಅವಳು ಹೆಡ್‌ಮಾಸ್ಟರಿಗೆ ಮಾತು ಕೊಟ್ಟಿದ್ದಳು. ‘ಹೆಂಗಸರ ಕೈಲಿ ಇವೆಲ್ಲ ಆಗುತ್ತಾ’ ಎಂದಿದ್ದರಂತೆ ಅವರು. ಆ ಒಂದು ಮಾತಿಗೆ ಅವಳು ಒಂದು ತಿಂಗಳು ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಆರು ಪತ್ರಿಕೆಯನ್ನೂ ಮುಗಿಸಿದಳು. ಸೋಮವಾರ ಬೆಳಿಗ್ಗೆ ಅವು ಸ್ಕೂಲಿನಲ್ಲಿ ಇರಬೇಕು.

ಈ ನಡುವೆ ನಾನು ಮಾಡಿದ ಕೆಲಸ ಕೇಳಿ. ಧೂಳು ಒರೆಸೋಣವೆಂದು ಒಂದು ಭಾನುವಾರ ಕಂಪ್ಯೂಟರಿನ ಡಬ್ಬದ ಮುಚ್ಚಳ ಬಿಚ್ಚಿದ್ದೆ. ಒಳಗೆ ಚಪ್ಪಟೆ ಪಟ್ಟಿಯಂಥ ವೈರುಗಳು ಹೇಗೆಂದರೆ ಹಾಗೆ ಇಳಿಬಿದ್ದಿದ್ದವು. ಅದನ್ನು ಕಂಡ ಹವಾಲ್ದಾರರ ಮುಖ ಕಪ್ಪಿಟ್ಟಿತು. “ಇದ್ಯಾರ್ಲಾ ಇಂಗ್ ಕಟ್ಟಿರಾದು? ಇಂಗ್ ಕಟ್ಟುದ್ರೆ ಆಕಾಸ್ದಲ್ಲಿ ಬಿಚ್ಕತದಾ?” ಅದು ಆಕಾಶಕ್ಕೆ ಹೋಗುವ ವಸ್ತುವಲ್ಲ ಎಂದು ಹೇಳಲು ಸಿದ್ದರಾಜುವಿನ ಸರದಿ ಬಂದಿರಲಿಲ್ಲ. ಹವಾಲ್ದಾರರು ಪ್ಯಾರಾಚೂಟಿನ ಹಗ್ಗ ಮಡಚುವ ವಿದ್ಯೆಯನ್ನು ನನಗೆ ಹೇಳಿಕೊಟ್ಟರು. ಆಚೆಗೊಂದು ಮಡಿಕೆ, ಈಚೆಗೊಂದು ಮಡಿಕೆ, ನಡುವೆ ರಬ್ಬರ್ ಬ್ಯಾಂಡು. ಆಫೀಸಿನ ಕಡತಗಳಿಂದ ಬಿಚ್ಚಿ ತಂದ ರಬ್ಬರ್ ಬ್ಯಾಂಡುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ನಾನು ಬಹಳ ಅಚ್ಚುಕಟ್ಟಾಗಿ ಮಡಚಿದೆ. ಮಡಚಿದ ಮೇಲೆ ಒಂದು ವೈರು ಫ್ಲಾಪಿ ಡ್ರೈವಿಗೆ ಎಟುಕದೇ ಹೋಯಿತು. ಇರಲಿ ಎಂದು ಬಿಟ್ಟೆ. ನಿಯಮದ ಪ್ರಕಾರ ಚೀಟಿಯನ್ನೂ ಬರೆದೆ: ಮಡಚಿದವರು ಎನ್. ನಾಗರಾಜಪ್ಪ, ಪ್ರಥಮ ದರ್ಜೆ ಸಹಾಯಕರು. ಅಭ್ಯಾಸಬಲದಿಂದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದೂ ಸೇರಿಸಿ ಸಹಿ ಹಾಕಿ ಒಳಗೆ ಅಂಟಿಸಿ ಮುಚ್ಚಳ ಹಾಕಿದೆ.

ಶುಕ್ರವಾರ ಸಂಜೆ ಗಿರಿಜಾ ಪ್ರಿಂಟು ತೆಗೆಯಲು ಕೂತಳು. ಹತ್ತು ನಿಮಿಷಕ್ಕೆ ಕಂಪ್ಯೂಟರು ಕಣ್ಣು ಮುಚ್ಚಿತು. ಮತ್ತೆ ಹಾಕಿದಳು, ಆರು ನಿಮಿಷ. ಶನಿವಾರದ ಹೊತ್ತಿಗೆ ವಿಂಡೋಸಿನ ಕಿಟಕಿಯ ಚಿತ್ರ ಬರುವ ಮೊದಲೇ ಪರದೆ ಕಪ್ಪಾಗುತ್ತಿತ್ತು. ಅದಕ್ಕೆ ಮೊದಲೇ ಫ್ಲಾಪಿಗಾದರೂ ಹಾಕಿಕೊಂಡು ಯಳಂದೂರಿಗೆ ಓಡೋಣವೆಂದು ನೋಡಿದ್ದಳು, ಆಗಲೂ ಫ್ಲಾಪಿ ಡ್ರೈವು ಉಸಿರೇ ಬಿಟ್ಟಿರಲಿಲ್ಲ. ಅದರ ಕಾರಣ ನನಗೆ ಗೊತ್ತಿತ್ತು, ಹೇಳಲಿಲ್ಲ. “ಮೊದ್ಲು ಒಳಗೆ ಫ್ಯಾನ್ ತಿರುಗೋ ಸದ್ದು ಬರ್ತಿತ್ತು ಕಣ್ರೀ, ಈಗ ಬರ್ತಾ ಇಲ್ಲ. ಒಂದ್ಸಲ ಬಿಚ್ಚಿ ನೋಡಿ” ಎಂದಳು. “ನಾಳೆ ಸಂಘದವರು ಬರ್ತಾರೆ, ಇರು” ಎಂದೆ. ಅವಳಿಗೆ ಏನು ಗೊತ್ತು, ಒಂದು ಜಂಪೂ ಇಲ್ಲದವಳು ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ನಿಜ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಭಾನುವಾರ ಸಭೆ ಸೇರಿತು. ಹವಾಲ್ದಾರರು ಕಂಪ್ಯೂಟರಿನ ಸುತ್ತ ಎರಡು ಸುತ್ತು ಬಂದರು. ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿದು, ಗಾಳಿ ಹನೂರಿನ ಕಡೆಯಿಂದ ಬೀಸುತ್ತಿದೆ ಎಂದು ಕಂಡುಕೊಂಡರು. ಮೇಜನ್ನು ಒಂದು ಮೊಳ ಸರಿಸಲಾಯಿತು. ಆಮೇಲೆ ಹಾರುವ ಮೊದಲು ಮಾಡುವ ತಪಾಸಣೆಯಂತೆ ಹೊರಗಿನ ವೈರುಗಳನ್ನು ಒಂದೊಂದಾಗಿ ಜಗ್ಗಿ, ನಾವು ಮೂವರೂ ಒಬ್ಬರ ಭುಜವನ್ನು ಒಬ್ಬರು ತಟ್ಟಿ ‘ಓಕೆ’ ಎಂದೆವು. ಕಂಪ್ಯೂಟರು ಮಾತ್ರ ಓಕೆ ಅನ್ನಲಿಲ್ಲ. “ಗಾಬ್ರಿ ಬಿದ್ದದೆ. ಸುಮ್ಕಿರಿ, ಸುಧಾರಿಸ್ಕಳ್ಳಿ” ಎಂದರು ಹವಾಲ್ದಾರರು. ಒಂದು ಗಂಟೆ ಹೀಗೇ ಕಳೆಯಿತು. ಸಿದ್ದರಾಜು ತಡೆಯಲಾರದೆ, “ಅಣ್ಣ, ಒಂದ್ ಮಾತು, ಒಳ್ಗಡೆ…” ಎಂದು ಶುರು ಮಾಡಿದ. “ಲೇ, ನಿಂದೆಷ್ಟ್ಲಾ?” “ಐದು.” “ನಂದಿನ್ನೂ ಮುಗ್ದಿಲ್ಲ.” ಡಬ್ಬ ಬಿಚ್ಚುವುದಾದರೆ ಮಡಚಿದವನೇ ಬಿಚ್ಚಬೇಕು, ಅಂದರೆ ನಾನು. ಒಳಗೆ ನನ್ನ ಸಹಿ ಇದೆಯೆಂಬುದು ನನಗೆ ನೆನಪಿತ್ತು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ: ನಾವು ಸಹಿ ಹಾಕಿದ್ದನ್ನು ನಾವೇ ತೆಗೆದು ನೋಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಅಷ್ಟರಲ್ಲಿ ಗಿರಿಜಾ ಕಾಫಿ ತಂದಳು. ತಟ್ಟೆಯಲ್ಲಿ ಮೂರು ಲೋಟದ ಜೊತೆಗೆ ಒಂದು ಸ್ಕ್ರೂಡ್ರೈವರ್ ಇತ್ತು. ಲೋಟಗಳನ್ನು ಕೊಟ್ಟು, ಸ್ಕ್ರೂಡ್ರೈವರ್ ತಾನು ತೆಗೆದುಕೊಂಡು ಡಬ್ಬದ ಮುಂದೆ ಕೂತಳು.

“ತಾಯಿ, ಅದ ಮುಟ್ಬ್ಯಾಡಿ. ಕಟ್ದೋರು ಬುಟ್ಟು ಬ್ಯಾರೇರು ಮುಟ್ಟಂಗಿಲ್ಲ” ಎಂದರು ಹವಾಲ್ದಾರರು, ಎದ್ದು ನಿಂತು.

“ಆ ರೂಲ್ಸೆಲ್ಲ ಹಾರಿದವ್ರಿಗೆ ತಾನೆ ಸಾರ್?”

“ಊಂ.”

“ನಾನು ಹಾರೇ ಇಲ್ವಲ್ಲ” ಎಂದು ಮೊದಲ ಸ್ಕ್ರೂ ಬಿಚ್ಚಿದಳು.

ಅರವತ್ಮೂರು ಜಂಪಿನವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನಾಲ್ಕೂ ಸ್ಕ್ರೂ ತಟ್ಟೆಯಲ್ಲಿದ್ದವು. ಮುಚ್ಚಳ ಎತ್ತಿದರೆ ಸುಟ್ಟ ರಬ್ಬರಿನ ವಾಸನೆ. ಪ್ರೊಸೆಸರಿನ ಶಾಖಕ್ಕೆ ರಬ್ಬರ್ ಬ್ಯಾಂಡು ಮೆತ್ತಗಾಗಿ, ಮಡಿಕೆಯಿಂದ ಜಾರಿ, ಪಕ್ಕದಲ್ಲಿದ್ದ ಪುಟ್ಟ ಫ್ಯಾನಿಗೆ ಸುತ್ತಿಕೊಂಡಿತ್ತು. ಫ್ಯಾನು ತಿರುಗದೆ ಪ್ರೊಸೆಸರು ಕಾದು ಕಾದು ಕಂಪ್ಯೂಟರು ತಾನಾಗಿ ಆರಿಹೋಗುತ್ತಿತ್ತು, ಅಷ್ಟೆ. “ನಾ ಅದ್ನೇ ಏಳಕ್ ಬಂದಿದ್ದು ಸಾ” ಎಂದ ಸಿದ್ದರಾಜು, ನನ್ನ ಕಡೆ ತಿರುಗಿ. ಗಿರಿಜಾ ತಲೆಯಿಂದ ಹೇರ್‌ಪಿನ್ ತೆಗೆದು ಅಂಟಿದ್ದ ರಬ್ಬರನ್ನು ಎಳೆ ಎಳೆಯಾಗಿ ಬಿಡಿಸಿದಳು. ಹವಾಲ್ದಾರರು ಕನ್ನಡಕ ಹಾಕಿಕೊಂಡು ಒಳಗೆ ಬಗ್ಗಿ, ಚೀಟಿಯನ್ನು ಗಟ್ಟಿಯಾಗಿ ಓದಿದರು. ‘ಪರಿಶೀಲಿಸಲಾಗಿದೆ’ ಎನ್ನುವುದನ್ನು ಎರಡು ಸಲ ಓದಿದರು. ಮಡಚಲು ಹೇಳಿಕೊಟ್ಟವರು ಯಾರೆಂದು ಚೀಟಿಯಲ್ಲಿ ಬರೆದಿರಲಿಲ್ಲ.

“ಆಯ್ತು. ಕಟ್ದೋನೇ ಅದ್ರಲ್ಲಿ ಆರ್ಬೇಕು, ಅದು ಪದ್ಧತಿ” ಎಂದರು ಹವಾಲ್ದಾರರು. “ಸ್ವಿಚ್ಚ ನೀವೇ ಆಕಿ ನಾಗ್ರಾಜಪ್ನೋರೆ.”

ನಾನು ಮುಂದೆ ಬಂದೆ. ಬೆರಳು ಚಾಚಿದೆ. ಸ್ವಿಚ್ಚಿಗೆ ಒಂದು ಅಂಗುಲವಿರುವಾಗ ಅದು ನಿಂತುಬಿಟ್ಟಿತು. ಒಳಗೆ ಎಲ್ಲ ಸುಟ್ಟಿದ್ದರೆ? ಆರು ಪತ್ರಿಕೆ, ಒಂದು ತಿಂಗಳು, ಹೆಡ್‌ಮಾಸ್ಟರ ಮುಂದೆ ಇವಳ ಮುಖ. ಎಡಗೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ನಾನು ಹಿಡಿದದ್ದಲ್ಲ. “ಆಕಿ” ಎಂದರು ಹವಾಲ್ದಾರರು. ನಾನು ಹಾಕಲಿಲ್ಲ. ಇನ್ನೊಮ್ಮೆ ಎಂದರು. ನಾನು ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸಿದ್ದ ಸ್ಟಿಕ್ಕರು ಓದುತ್ತಿದ್ದೆ.

ಹಿಂದೆ ನಿಂತಿದ್ದ ಗಿರಿಜಾ ನನ್ನ ಮೊಣಕೈಗೆ ಒಂದು ನೂಕು ಕೊಟ್ಟಳು. ಬೆರಳು ಸ್ವಿಚ್ಚಿಗೆ ಬಡಿಯಿತು. ಫ್ಯಾನು ಗುರ್ ಎಂದಿತು, ಪರದೆ ಬೆಳಗಿತು, ಸ್ವಲ್ಪ ಹೊತ್ತಿಗೆ ಆರೂ ಪತ್ರಿಕೆಗಳ ಹೆಸರುಗಳು ಸಾಲಾಗಿ ಕಾಣಿಸಿದವು. ಗಿರಿಜಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಪ್ರಿಂಟರಿಗೆ ಕಾಗದ ತುಂಬಲು ಹೋದಳು. ನನಗೆ ಎದೆ ಹಗುರವಾಗಿ ನಗು ಬಂತು. ಆದರೆ ಹವಾಲ್ದಾರರು ಪರದೆಯನ್ನು ನೋಡುತ್ತಿರಲಿಲ್ಲ. ಮೇಜನ್ನು ಇನ್ನೂ ಹಿಡಿದುಕೊಂಡಿದ್ದ ನನ್ನ ಎಡಗೈಯನ್ನು ನೋಡುತ್ತಿದ್ದರು. ಅರವತ್ಮೂರು ಸಲ ಬಾಗಿಲಲ್ಲಿ ನಿಂತವರು, ಎಷ್ಟು ಕೈಗಳನ್ನು ನೋಡಿದ್ದರೋ.

“ನಾಗ್ರಾಜಪ್ನೋರೆ,” ಎಂದರು ಮೆಲ್ಲಗೆ, ತಾವೇ ಮಾಡಿದ ನಿಯಮವನ್ನು ತಾವೇ ಮುರಿದು, “ಅವತ್ತೂವೆ ಇಂಗೇನಾ?”

ಪ್ರಿಂಟರಿನ ಬಳಿ ಗಿರಿಜಾ ತಿರುಗಿದಳು. ಹದಿನಾಲ್ಕು ವರ್ಷದ ಸಂಸಾರ ನನ್ನ ಮುಂದೆ ನಿಂತಿತ್ತು. ಇಲ್ಲವೆಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ಅವತ್ತು ಬೂಟು” ಎಂದೆ.

ಗಿರಿಜಾ ನಗುತ್ತಾಳೆಂದು ಕಾದೆ. ನಗಲಿಲ್ಲ. “ನಂಗೆ ಮದ್ವೆ ಆದ ವರ್ಷನೇ ಗೊತ್ತಾಯ್ತು ಬಿಡಿ” ಎಂದಳು, ಕಾಗದ ಸರಿ ಮಾಡುತ್ತ. “ನಿದ್ದೇಲಿ ಮಂಚದ ಚೌಕಟ್ಟು ಹಿಡ್ಕೊಂಡು ‘ತಳ್ಬೇಡಿ ಉಸ್ತಾದ್’ ಅಂತೀರಲ್ಲ.”

ಸಂಘದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಈಗಲೂ ಒಂದು ಎಂದೇ ಇದೆ; ಹವಾಲ್ದಾರರು ಪಕ್ಕದಲ್ಲಿ ಪೆನ್ಸಿಲಿನಿಂದ ‘ಪರಿಶೀಲಿಸಲಾಗಿದೆ’ ಎಂದು ಬರೆದಿದ್ದಾರೆ. ಗಿರಿಜಾಳನ್ನೂ ಸದಸ್ಯಳಾಗು ಎಂದು ಕರೆದರು, ಅವಳು ಒಪ್ಪಲಿಲ್ಲ. ಜಂಪು ಸೊನ್ನೆ ಇದ್ದರೇ ಕೆಲಸ ಆಗುವುದಂತೆ. ಈಗ ಕಂಪ್ಯೂಟರ್ ಕೆಟ್ಟರೆ ಮೊದಲು ಅವಳು ಮಾತಾಡುತ್ತಾಳೆ, ಆಮೇಲೆ ಹವಾಲ್ದಾರರು, ಆಮೇಲೆ ಸಿದ್ದರಾಜು. ನನ್ನ ಸರದಿ ಬರುವಷ್ಟರಲ್ಲಿ ಕಾಫಿ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆದು ಹೇಳಬೇಕಾಯಿತು. ಬರೆಯುವುದಕ್ಕೂ ಎರಡು ತಿಂಗಳಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ನಿನ್ನೆ ಗಿರಿಜಾ ಹಿಂದಿನಿಂದ ಬಂದು ಮೊಣಕೈ ನೂಕಿದಳು.